ಕಾಳಿಯ ಅಳಿವೆಯಲ್ಲಿ ಕವಿ: ರವೀಂದ್ರರ ಕಾರವಾರ ಮತ್ತು ನಮ್ಮ ಪ್ರವಾಸ

ಮಡಗಾಂವ್, ಕುಡಚಡೆ, ಸಾಖಳಿ, ವಾಸ್ಕೋದ ಬಾಯಣಾ – ಗೋವೆಯ ಈ ಊರುಗಳಲ್ಲಿ ಸರಕಾರವು ಕಟ್ಟಿಸಿದ ಕಲಾಮಂದಿರಗಳಿಗೆಲ್ಲ 'ರವೀಂದ್ರ ಭವನ'ವೆಂದೇ ಹೆಸರು. ಗೋವೆಯ ಕನ್ನಡಿಗರಿಗೂ ಅವು ಪರಿಚಿತವಾದ ತಾಣಗಳು. ಆ ಹೆಸರನ್ನು ಫಲಕದ ಮೇಲೆ ಓದಿ ಒಳಗೆ ನಡೆಯುವ ನಮ್ಮಲ್ಲಿ ಅನೇಕರಿಗೆ ಅದು ಬಂಗಾಲದ ಒಬ್ಬ ಮಹಾಕವಿಗೆ ದೇಶವೆಲ್ಲ ಸಲ್ಲಿಸುವ ಗೌರವದ ಒಂದು ಪಾಲು ಮಾತ್ರವಾಗಿ ಕಂಡೀತು. ಆದರೆ ಆ ಕವಿ ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗೋವೆಯ ದಕ್ಷಿಣದ ಗಡಿಯಾದ ಪೋಳೆಯಿಂದ ಕೆಲವೇ ಹರದಾರಿಗಳ ಆಚೆ, ಕನ್ನಡ ನಾಡಿನ ಕಡಲದಂಡೆಯ ಮೇಲೆ ನೆಲೆಸಿದ್ದನು. ಅಲ್ಲಿ ಬರೆದ ಒಂದು ನಾಟಕವನ್ನು ತನ್ನ ಮುಂದಿನ ಸಾಹಿತ್ಯಕ್ಕೆಲ್ಲ ಪೀಠಿಕೆಯೆಂದು ತಾನೇ ಕರೆದುಕೊಂಡನು. ಮಡಗಾಂವಿನಿಂದ ಸುಮಾರು 70 ಕಿಲೋಮೀಟರ್ ದೂರದ ಕಾರವಾರ ಆ ಊರು. ಬಸ್ಸಿನಲ್ಲಿಯೋ ಕೊಂಕಣ ರೈಲಿನಲ್ಲಿಯೋ ಊರಿಗೆ ಹೋಗುವಾಗ ನಾವು ನಿದ್ದೆಯಲ್ಲಿ ದಾಟಿಬಿಡುವ ಊರು.

ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದದ್ದು 1883ರಲ್ಲಿ. ಕಾರಣ ಸರಳವಾದುದು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಸತ್ಯೇಂದ್ರನಾಥರು ಸಾಮಾನ್ಯರಲ್ಲ, 1863ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. ಬಂಗಾಲದ ಈ ಅಧಿಕಾರಿಯ ಸೇವೆಯೆಲ್ಲ ನಡೆದದ್ದು ಮುಂಬಯಿ ಪ್ರಾಂತದಲ್ಲಿ. ಹಾಗಾದರೆ ಕನ್ನಡದ ಕಾರವಾರ ಮುಂಬಯಿಗೆ ಸೇರಿದ್ದಾದರೂ ಹೇಗೆ? ಮದರಾಸು ಪ್ರಾಂತದ ಕೆನರಾ ಜಿಲ್ಲೆಯನ್ನು 1860ರ ಸುಮಾರಿಗೆ ಎರಡಾಗಿ ಒಡೆದು, ಅದರ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿಗೆ ಒಪ್ಪಿಸಲಾಯಿತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಬಾರದಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟದಿಂದಿಳಿಸಿ ಹಡಗಿಗೇರಿಸಲು ಒಂದು ಬಂದರು ಬೇಕಾಯಿತು. ಹಾಗೆ ಕಾರವಾರವು ಜಿಲ್ಲೆಯ ಮುಖ್ಯಸ್ಥಾನವಾಗಿ ಬೆಳೆಯಿತು. ಕಚೇರಿಗಳು, ಬಂಗಲೆಗಳು ಎದ್ದವು. ಬಂದರಿಗೆ ಬರುವ ಹಡಗುಗಳಿಗಾಗಿ ನಡುಗಡ್ಡೆಯೊಂದರ ಮೇಲೆ ದೀಪಸ್ತಂಭವೂ ಎದ್ದಿತು. ರವೀಂದ್ರರು ಕಂಡದ್ದು ಈ ಹೊಸ ಊರನ್ನು. ಅದರ ವೈಭವ ಬಹುಕಾಲ ಉಳಿಯಲಿಲ್ಲವೆನ್ನುವುದಕ್ಕೆ ಗೋವೆಯೇ ಕಾರಣವಾಯಿತೆಂಬುದು ಇತಿಹಾಸದ ಒಂದು ವಿನೋದ: 1888ರ ಹೊತ್ತಿಗೆ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲುಮಾರ್ಗ ಸಿದ್ಧವಾಗಿ, ಹುಬ್ಬಳ್ಳಿ ಕಡೆಯ ಸರಕು ಆ ದಾರಿಯನ್ನು ಹಿಡಿಯಿತು. ಕಾರವಾರ ಮತ್ತೆ ಸಣ್ಣ ಊರಾಯಿತು. ವ್ಯಾಪಾರಿಗಳಿಗೆ ಇದು ನಷ್ಟವಾದರೂ ಕವಿಯ ಹೆಜ್ಜೆಯನ್ನು ಹುಡುಕುವವರಿಗೆ ಲಾಭವೆಂದೇ ಹೇಳಬೇಕು. ದೊಡ್ಡ ಬಂದರಾಗಿ ಬೆಳೆದಿದ್ದರೆ ಆ ಮರಳದಂಡೆ ಅಂದೇ ಕಣ್ಮರೆಯಾಗುತ್ತಿತ್ತು.

ಕಾಕತಾಳೀಯವೆಂಬಂತೆ ಅದೇ 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವು ಎರಡು ಭಾಗಗಳಲ್ಲಿ ಹೊರಬಂದಿತು. ಜಿಲ್ಲೆಯ ಕಾಡು, ಬಂದರು, ಜಾತಿ, ಕಂದಾಯಗಳ ವಿವರ ಬೇಕಾದವರು ಇಂದಿಗೂ ತೆರೆಯುವ ಗ್ರಂಥವದು. ಒಂದೇ ವರ್ಷ, ಒಂದೇ ಊರು; ಸರಕಾರದ ಕಣ್ಣು ಒಂದನ್ನು ಕಂಡಿತು, ಕವಿಯ ಕಣ್ಣು ಇನ್ನೊಂದನ್ನು. ಊರಿನ ಇತಿಹಾಸವನ್ನು ಬರೆಯುವವನಿಗೆ ಎರಡೂ ಬೇಕು. ಆದರೆ ಪ್ರವಾಸಿಗೆ ಯಾವುದನ್ನು ಓದಿಸಬೇಕೆಂದು ಕೇಳಿದರೆ ನಾನು ಕವಿಯ ಕೆಲವೇ ಪುಟಗಳನ್ನು ಮುಂದಿಡುವೆನು.

ಆ ಪುಟಗಳು 1912ರಲ್ಲಿ ಪುಸ್ತಕವಾದ 'ಜೀವನಸ್ಮೃತಿ'ಯಲ್ಲಿವೆ. ಕಾರವಾರಕ್ಕೇ ಅಲ್ಲೊಂದು ಪ್ರತ್ಯೇಕ ಅಧ್ಯಾಯವಿದೆ. ಸುಮಾರು ಮೂವತ್ತು ವರ್ಷಗಳ ಬಳಿಕ ನೆನೆದು ಬರೆದುದಾದರೂ ಅದರಲ್ಲಿ ನೆಲದ ಗುರುತು ಅಚ್ಚರಿ ಹುಟ್ಟಿಸುವಷ್ಟು ಸ್ಪಷ್ಟವಾಗಿದೆ. ಗುಡ್ಡಗಳು ಸುತ್ತುವರಿದ ಪುಟ್ಟ ಬಂದರು. ಅರ್ಧಚಂದ್ರದಂತೆ ಬಾಗಿ ಕಡಲನ್ನು ತಬ್ಬಲು ತೋಳು ಚಾಚಿದಂತಿರುವ ದಂಡೆ. ವಿಶಾಲವಾದ ಮರಳಿನ ಅಂಚಿಗೆ ಗಾಳಿಮರಗಳ ಕಾಡು. ಅದರ ಒಂದು ತುದಿಯಲ್ಲಿ ಗುಡ್ಡಗಳ ನಡುವಿನಿಂದ ಹರಿದುಬಂದು ಕಡಲು ಸೇರುವ ಕಾಳಿ ನದಿ. ಕಾರವಾರವನ್ನು ಬಲ್ಲವರಿಗೆ ಇದರಲ್ಲಿ ಒಂದು ಮಾತೂ ಕಲ್ಪನೆಯದಲ್ಲವೆಂದು ಗೊತ್ತು. ಗಾಳಿಮರದ ಮಾತು ಬಂದಿತಾದ್ದರಿಂದ ಒಂದು ಸಂಗತಿ. ಆ ಮರ ಈ ದಂಡೆಯ ಮೂಲವಾಸಿಯಲ್ಲ. 1868ರ ಸುಮಾರಿಗೆ ಕಟ್ಟಿಗೆಗಾಗಿ ಕಾರವಾರದಲ್ಲಿ ಅದನ್ನು ನೆಡಲು ತೊಡಗಿದರು. ಭಾರತದಲ್ಲಿ ಆ ಮರದ ತೋಪುಗಳು ಮೊದಲು ಬೆಳೆದ ಕಡೆಗಳಲ್ಲಿ ಇದೊಂದು. ಕವಿ ಕೇಳಿದ ಆ ಎಲೆಗಳ ಎಡೆಬಿಡದ ಮರ್ಮರ ಹದಿನೈದು ವರ್ಷದ ಎಳೆಯ ಮರಗಳದು. ಕವಿಗೂ ಮರಗಳಿಗೂ ವಯಸ್ಸಿನಲ್ಲಿ ಅಂಥ ಅಂತರವಿರಲಿಲ್ಲ!

ಆ ಅಧ್ಯಾಯದ ಹೃದಯವೆಂದರೆ ಒಂದು ಬೆಳದಿಂಗಳ ರಾತ್ರಿಯ ಪ್ರಯಾಣ. ಕೆಲವರು ಸೇರಿ ಸಣ್ಣ ದೋಣಿಯಲ್ಲಿ ಕಾಳಿಯನ್ನು ಏರಿ ಹೋದರು. ಶಿವಾಜಿಯದೆಂದು ಕವಿ ಹೇಳುವ ಹಳೆಯ ಗಿರಿದುರ್ಗವೊಂದರ ಬಳಿ ಇಳಿದರು. ಗುಡಿಸಿ ಸಾರಿಸಿದ ಒಬ್ಬ ಒಕ್ಕಲಿಗನ ಮನೆಯಂಗಳದಲ್ಲಿ, ಬೇಲಿಯ ಮೇಲಿಂದ ಇಳಿದ ಬೆಳದಿಂಗಳಲ್ಲಿ ಕುಳಿತು, ತಾವು ಒಯ್ದಿದ್ದನ್ನು ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಸೆಳವಿಗೆ ಬಿಟ್ಟರು. ಅಳಿವೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಕಡಲ ಮೇಲೆ ಹೋಗದೆ ಅಲ್ಲಿಯೇ ಇಳಿದು, ಮರಳದಂಡೆಯ ಮೇಲೆ ತಮ್ಮ ತಮ್ಮ ನೆರಳುಗಳೊಡನೆ ಮಾತಿಲ್ಲದೆ ಮನೆಯ ಕಡೆ ನಡೆದರು. ಅಂದು ಗಾಳಿಮರಗಳೂ ಸುಮ್ಮನಿದ್ದವು. ಮನೆ ಸೇರಿದ ಕವಿಗೆ ನಿದ್ದೆ ಬರಲಿಲ್ಲ; ಕವಿತೆ ಬಂದಿತು.

ಕೋಟೆಯ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿ ತುಸು ನಿಲ್ಲಬೇಕಾಗುತ್ತದೆ. ಕಾಳಿಯ ಅಳಿವೆಯನ್ನು ಕಾಯುವ ಪ್ರಸಿದ್ಧ ಕೋಟೆ ಸದಾಶಿವಗಡ. ಅದರ ಹೆಸರು ಬಂದದ್ದು ಸೋಂದೆಯ ಅರಸರ ಮನೆತನದಿಂದ. ಶಿವಾಜಿಯ ಪಡೆ 1665ರಲ್ಲಿ ಕಾರವಾರದತ್ತ ಬಂದದ್ದು ನಿಜ. ಆ ಕೋಟೆ ಸ್ವಲ್ಪ ಕಾಲ ಪೋರ್ಚುಗೀಸರ ಕೈಯಲ್ಲಿದ್ದುದೂ ನಿಜ. ಹೈದರನು ಸೋಂದೆಯನ್ನು ಗೆದ್ದಮೇಲೆ ಅಲ್ಲಿಯ ಅರಸನು ಆಶ್ರಯ ಅರಸಿ ಬಂದದ್ದು ಗೋವೆಗೆ. ಫೋಂಡೆಯ ಬಳಿ ಬಾಂದಿವಡೆಯಲ್ಲಿ ಆ ಮನೆತನ ನೆಲೆಸಿತು. ಮುಂಬಯಿ ಪ್ರಾಂತದ ಕೋಟೆಗಳನ್ನೆಲ್ಲ ಶಿವಾಜಿಯ ಹೆಸರಿಗೆ ಜೋಡಿಸುವುದು ಅಂದಿನ ವಾಡಿಕೆ. ಕವಿಯ ನೆನಪು ಅದನ್ನೇ ಅನುಸರಿಸಿರಬಹುದು. ಆತ್ಮಕಥೆಯನ್ನು ಶಾಸನವೆಂದು ಓದಬಾರದು. ಹಾಗೆಂದು ಅದನ್ನು ತಳ್ಳಿಹಾಕುವುದೂ ಸಲ್ಲದು. ಮಾರ್ಗದರ್ಶಕನಾದವನು ಪ್ರವಾಸಿಗಳಿಗೆ ಎರಡು ಮಾತನ್ನೂ ಹೇಳುವಂತಾದರೆ ಸೋಂದೆಯೂ ಗೋವೆಯೂ ಒಂದೇ ಕಥೆಯಲ್ಲಿ ಬಂದಾವು.

ಕಾರವಾರದಲ್ಲಿ ಬರೆದ ಆ ನಾಟಕ 'ಪ್ರಕೃತಿರ್ ಪ್ರತಿಶೋಧ್' – ಪ್ರಕೃತಿಯ ಪ್ರತೀಕಾರ. ಒಬ್ಬ ಸಂನ್ಯಾಸಿ ಗುಹೆಯಲ್ಲಿ ಕುಳಿತು ಮಮತೆಯ ನೂಲುಗಳನ್ನೆಲ್ಲ ಹರಿದು ಪ್ರಕೃತಿಯನ್ನು ಗೆದ್ದೆನೆಂದು ಬೀಗುತ್ತಾನೆ. ಊರು ದೂರವಿಟ್ಟ ಒಬ್ಬ ಅನಾಥ ಬಾಲೆ ಅವನನ್ನು ತಂದೆಯೆಂದು ನಂಬುತ್ತಾಳೆ. ಅವಳಿಂದ ಅವನು ಓಡುತ್ತಾನೆ. ಮನಸ್ಸು ಕರಗಿ ಮರಳಿ ಬರುವಾಗ ಹೊತ್ತು ಮೀರಿರುತ್ತದೆ. ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದವೇ ತನ್ನ ಸಮಸ್ತ ಬರವಣಿಗೆಯ ವಸ್ತುವೆಂದೂ ಅದು ಮೊದಲು ರೂಪು ತಳೆದುದು ಇಲ್ಲಿಯೇ ಎಂದೂ ಕವಿ ಹಿಂದಿರುಗಿ ನೋಡಿ ಬರೆದರು. ಕಾರವಾರದಿಂದ ಹಡಗಿನಲ್ಲಿ ಮರಳುವಾಗ ಆ ನಾಟಕದ ಕೆಲವು ಹಾಡುಗಳನ್ನು ಅಟ್ಟದ ಮೇಲೆ ಕುಳಿತು ಹಾಡುತ್ತ ಬರೆದರಂತೆ. ಮುಂದೆ ಸ್ವಲ್ಪ ದಿನಗಳಲ್ಲಿ, 1883ರ ಡಿಸೆಂಬರ್ 9ರಂದು, ಅವರ ಮದುವೆಯಾಯಿತು. ನಾಟಕ 1884ರಲ್ಲಿ ಅಚ್ಚಾಯಿತು. ನೊಬೆಲ್ ಬಹುಮಾನಕ್ಕೆ ಇನ್ನೂ ಇಪ್ಪತ್ತೊಂಬತ್ತು ವರ್ಷಗಳಿದ್ದವು.

ಇಷ್ಟು ಹೇಳಿದ ಮೇಲೆ ಪ್ರಶ್ನೆ ಬರುತ್ತದೆ: ಇಂದು ಕಾರವಾರಕ್ಕೆ ಹೋದವನಿಗೆ ರವೀಂದ್ರರು ಎಲ್ಲಿ ಸಿಗುತ್ತಾರೆ? ಕಡಲತೀರಕ್ಕೆ ಅವರ ಹೆಸರಿದೆ. ಹೆದ್ದಾರಿಯ ಪಕ್ಕದಲ್ಲಿ ಫಲಕವಿದೆ. ಅಲ್ಲಿ ನೋಡಲು ಸಿಗುವ ದೊಡ್ಡ ವಸ್ತುವೆಂದರೆ ನೌಕಾಪಡೆಯಿಂದ ನಿವೃತ್ತಿಯಾದ 'ಚಪಲ್' ಎಂಬ ಕ್ಷಿಪಣಿನೌಕೆ, ಅದೀಗ ವಸ್ತುಸಂಗ್ರಹಾಲಯ. ಮಕ್ಕಳಿಗೆ ಅದು ಬಲು ಇಷ್ಟ, ಇರಲಿ, ತಪ್ಪೇನಿಲ್ಲ. ಆದರೆ ಯುದ್ಧನೌಕೆಯನ್ನು ನೋಡಿಬಂದ ಮಗುವಿಗೆ ಈ ಮರಳಿಗೆ ಕವಿಯ ಹೆಸರು ಏಕೆ ಬಂದಿತೆಂಬುದನ್ನು ತಿಳಿಸಿ ಹೇಳುವ ಏರ್ಪಾಡು ಹೆಸರಿಗೆ ತಕ್ಕಷ್ಟಿಲ್ಲ.

ಕವಿಯ ನೆನಪನ್ನು ನೆಲದಲ್ಲಿ ಉಳಿಸಿಕೊಂಡ ಬೇರೆ ಊರುಗಳನ್ನು ನೋಡಿದರೆ ಅವುಗಳಿಗೆ ಒಂದು ಮನೆಯ ಆಧಾರವಿರುವುದು ಕಾಣುತ್ತದೆ. ಕುಪ್ಪಳಿಯಲ್ಲಿ ಕುವೆಂಪು ಬೆಳೆದ ತೊಟ್ಟಿಮನೆಯಿದೆ, ಮೇಲೆ ಕವಿಶೈಲವಿದೆ, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಇವರ ಹಸ್ತಾಕ್ಷರಗಳು ಅಲ್ಲಿಯ ಬಂಡೆಯ ಮೇಲಿವೆ; 1994ರಲ್ಲಿ ಕವಿ ಮಣ್ಣಾದುದೂ ಅಲ್ಲಿಯೇ. ಪ್ರತಿಷ್ಠಾನವೊಂದು ಎಲ್ಲವನ್ನೂ ಕಾಯುತ್ತದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯ ಆವರಣವು ಅವರ ಮೊದಲ ಕವನಸಂಕಲನದ ಹೆಸರಿನಲ್ಲಿ 'ಗಿಳಿವಿಂಡು' ಆಗಿದೆ. ಕೇರಳದ ಗಡಿಯೊಳಗಿನ ಕನ್ನಡಕ್ಕೆ ಅದೊಂದು ಆಸರೆ. ಪೈಗಳು ಹುಟ್ಟಿದ್ದೂ 1883ರಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. ಧಾರವಾಡದ ಸಾಧನಕೇರಿಯ ವಿಷಯವನ್ನು ಗೋವೆಯ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ರವೀಂದ್ರರಿಗೇ ಬಂದರೆ, ಶಾಂತಿನಿಕೇತನವು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಾಂಗ್ಲಾದೇಶದ ಶಿಲಾಯಿದಹದಲ್ಲಿ ಅವರ ಕುಟೀಬಾಡಿಯನ್ನು ಕಾಪಾಡಿದ್ದಾರೆ. ಕಾರವಾರದಲ್ಲಿ ಅಂಥ ಸ್ವಂತ ಮನೆ ಇರಲಿಲ್ಲ. ಸರಕಾರಿ ಅಧಿಕಾರಿಯ ಬಂಗಲೆ ವರ್ಗಾವಣೆಯೊಡನೆ ಕೈ ಬದಲಾಗುವ ವಸತಿ. ಆದ್ದರಿಂದ ಅಲ್ಲಿ ಒಂದು ಕಟ್ಟಡವನ್ನು ಹುಡುಕಿ ಅಥವಾ ಹೊಸದಾಗಿ ಕಟ್ಟಿ, ಒಂದು ಪುತ್ಥಳಿಯನ್ನು ನಿಲ್ಲಿಸಿ ಸ್ಮಾರಕವಾಯಿತೆಂದುಕೊಂಡರೆ ಇದ್ದ ಸ್ಮಾರಕವನ್ನು ಬಿಟ್ಟು ಇಲ್ಲದ್ದನ್ನು ಕಟ್ಟಿದಂತಾಗುತ್ತದೆ. ಕಾರವಾರದಲ್ಲಿ ರವೀಂದ್ರರ ಪರಂಪರೆಯೆಂದರೆ ಒಂದು ದಾರಿ: ಹೊಳೆಯ ಮೇಲ್ಗಡೆಯಿಂದ ಅಳಿವೆಗೆ, ಅಳಿವೆಯಿಂದ ಮರಳಿನ ಮೇಲೆ ಊರಿಗೆ. ಅದನ್ನು ನಡೆಯಲು ಬರುವಂತೆ ಉಳಿಸಿಕೊಳ್ಳುವುದೇ ಇಲ್ಲಿಯ ಅಭಿವೃದ್ಧಿ.

ಉಳಿಸಿಕೊಳ್ಳುವುದು ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿಲ್ಲ. ಕಾರವಾರದ ದಕ್ಷಿಣದ ಅರ್ಗಾ, ಬಿಣಗಾ ಕಡೆಯ ಸುಂದರ ಕೊಲ್ಲಿಗಳು 'ಸೀಬರ್ಡ್' ಯೋಜನೆಗೆ ಸೇರಿಹೋದವು. 1986ರಲ್ಲಿ ಅಡಿಗಲ್ಲು ಹಾಕಿದ ಆ ನೌಕಾನೆಲೆ 2005ರಲ್ಲಿ 'ಕದಂಬ' ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಬನವಾಸಿಯಲ್ಲೂ ಗೋವೆಯಲ್ಲೂ ಆಳಿದ ವಂಶದ ಹೆಸರು ಅದಕ್ಕೆ ಬಂದದ್ದು ಸಂತೋಷ; ದೇಶದ ರಕ್ಷಣೆಗೆ ನೆಲ ಬೇಕೆಂಬುದೂ ಸರಿ; ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ ಬಿಟ್ಟು ಎದ್ದವು. ಹೀಗಾಗಿ ಊರವರ ಪಾಲಿಗೆ ನಡುಊರಿನಲ್ಲಿ ಉಳಿದದ್ದು ರವೀಂದ್ರರ ಹೆಸರಿನ ತೀರ. ವಾಣಿಜ್ಯ ಬಂದರನ್ನು ವಿಸ್ತರಿಸುವ ಸಾಗರಮಾಲಾ ಯೋಜನೆಯ ಕಾಮಗಾರಿ, ಅಲೆತಡೆಗೋಡೆಯೊಡನೆ, ಇದೇ ತೀರದತ್ತ ಚಾಚಿದಾಗ 2020ರ ಆರಂಭದಲ್ಲಿ ಮೀನುಗಾರರು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಬಲೆ ಎಳೆಯುವವರು ತಮ್ಮ ಅನ್ನಕ್ಕಾಗಿ ಹೋರಾಡಿದರು. ಆದರೆ ಅವರು ಉಳಿಸಹೊರಟದ್ದು 'ಜೀವನಸ್ಮೃತಿ'ಯ ಆ ಅರ್ಧಚಂದ್ರವನ್ನೇ. ಸಾಹಿತ್ಯಾಭಿಮಾನಿಗಳ ದನಿ ಅಂದು ಅವರ ದನಿಯೊಡನೆ ಇನ್ನಷ್ಟು ಗಟ್ಟಿಯಾಗಿ ಸೇರಬೇಕಿತ್ತೆಂದು ನನ್ನ ಅಭಿಪ್ರಾಯ.

ಕಾಳಿಯೂ ಹಳೆಯ ಕಾಳಿಯಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಅದರ ನೀರನ್ನು ಅಳೆದು ಬಿಡುತ್ತವೆ. ಕೈಗಾದ ಅಣುಸ್ಥಾವರ ಅದರ ದಂಡೆಯ ಮೇಲಿದೆ. ಸದಾಶಿವಗಡದ ಗುಡ್ಡವನ್ನು ಸೀಳಿ ಹೆದ್ದಾರಿ ಹೋಗಿದೆ. ಗೋವೆಯನ್ನೂ ಕಾರವಾರವನ್ನೂ ಬೆಸೆದಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಬದುಕಿಸಿದುದನ್ನು ನಾವೆಲ್ಲ ಓದಿದ್ದೇವೆ. ಇಷ್ಟಾದರೂ ಕಾಂಡ್ಲಾ ಗಿಡಗಳ ನಡುವೆ ಸಣ್ಣ ದೋಣಿ ಇಂದಿಗೂ ಹೋಗುತ್ತದೆ; ಅಳಿವೆಯ ಬಳಿ ಕೋಡಿಬಾಗದಿಂದ ಊರಿನ ಕಡೆಗೆ ಮರಳು ಇನ್ನೂ ಇದೆ.

ಪ್ರವಾಸೋದ್ಯಮದ ಮಾತಿನಲ್ಲಿ ಗೋವೆಯವರಾದ ನಮಗೆ ಅನುಭವ ಬೇಕಾದಷ್ಟಿದೆ. ಕಲಂಗುಟ್, ಬಾಗಾ ತೀರಗಳು ಏನಾಗಿವೆಯೆಂಬುದನ್ನು ನಾವು ದಿನವೂ ನೋಡುತ್ತೇವೆ. ಅಲ್ಲಿಯ ಹೋಟೆಲುಗಳ ಗೋಡೆ ಕಟ್ಟಿದ ಕೈಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗಗಳ ಕೈಗಳೆಷ್ಟು, ಆ ಹೋಟೆಲುಗಳ ಗಳಿಕೆಯಲ್ಲಿ ಆ ಕೈಗಳಿಗೆ ಸಿಕ್ಕ ಪಾಲೆಷ್ಟು ಎಂಬುದನ್ನು ನಮ್ಮ ಸಂಘಗಳ ಹಿರಿಯರು ಬಲ್ಲರು. ಇಂಗ್ಲೆಂಡಿನ ವರ್ಡ್ಸ್‌ವರ್ತ್ ಕವಿಯ ಕಥೆಯೂ ಇಲ್ಲಿ ನೆನಪಾಗುತ್ತದೆ. ತನ್ನ ಸರೋವರ ಸೀಮೆಗೆ ಬರುವವರಿಗಾಗಿ ಅವನೇ ಒಂದು ಮಾರ್ಗದರ್ಶಿಯನ್ನು ಬರೆದನು; ಅದು ಮತ್ತೆ ಮತ್ತೆ ಅಚ್ಚಾಯಿತು. ಮುಂದೆ 1844ರಲ್ಲಿ ಆ ಸೀಮೆಯ ವಿಂಡರ್‌ಮಿಯರ್‌ಗೆ ರೈಲುದಾರಿ ಬರುವುದೆಂದಾಗ ಜನಸಂದಣಿಯಿಂದ ನೆಲದ ಶಾಂತಿ ಕೆಡುವುದೆಂದು ಪತ್ರಿಕೆಗೆ ಬರೆದು ವಿರೋಧಿಸಿದನು. ಬಡ ಕಾರ್ಮಿಕನಿಗೆ ಬೆಟ್ಟ ನೋಡುವ ಹಕ್ಕಿಲ್ಲವೇ ಎಂಬ ಆಕ್ಷೇಪ ಆಗಲೇ ಬಂದಿತು. ರೈಲೂ ಬಂದಿತು. ಆದರೂ ಅಲ್ಲಿಯ ಗುಡ್ಡಗಳ ಕಾಲುದಾರಿಗಳು ಉಳಿದುಕೊಂಡವು. 2017ರಲ್ಲಿ ಆ ಸೀಮೆಗೆ ವಿಶ್ವಪರಂಪರೆಯ ಮನ್ನಣೆ ಸಿಕ್ಕಿತು. ಜನ ಬರಲೂ ಬೇಕು, ನೆಲ ಉಳಿಯಲೂ ಬೇಕು ಎಂಬ ಈ ಇಕ್ಕಟ್ಟಿಗೆ ಅಲ್ಲಿ ದೊರೆತ ಉತ್ತರ ನಡಿಗೆ. ಕಾರವಾರಕ್ಕೂ ಅದೇ ಒಪ್ಪುವ ಉತ್ತರ.

ಬೇಕಾದುದು ಹೆಚ್ಚಿನದೇನಲ್ಲ. ಹೊಳೆಯ ಮೇಲೆ ಕರೆದೊಯ್ಯುವ ದೋಣಿ ಅಲ್ಲಿಯ ಮೀನುಗಾರರದೇ ಆಗಿರಲಿ. ದುಡಿಮೆಯ ಹಣ ಕೋಡಿಬಾಗದಲ್ಲಿ, ಬೈತಕೋಲದಲ್ಲಿ ಉಳಿಯಲಿ. ದಾರಿಯ ಮೂರು ನಾಲ್ಕು ಕಡೆ ಕವಿ ಅಲ್ಲಿ ಕಂಡುದೇನೆಂಬುದನ್ನು ತಿಳಿಸುವ ಕಲ್ಲುಫಲಕಗಳಿರಲಿ. ಕನ್ನಡ, ಕೊಂಕಣಿಗಳ ಜೊತೆಗೆ ಬಂಗಾಲಿಯಲ್ಲೂ ಬರೆಸಿದರೆ ಬಂಗಾಲದಿಂದ ಗೋವೆಗೆ ಬರುವ ಪ್ರವಾಸಿಗಳಲ್ಲಿ ಕೆಲವರಾದರೂ ಗಡಿ ದಾಟಿ ಬಂದಾರು. ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರೆ ಒಳ್ಳೆಯ ಮಾರ್ಗದರ್ಶಕರಾಗುತ್ತಾರೆ. ಆ ದಾರಿಯನ್ನು ಇನ್ನಷ್ಟು ದಕ್ಷಿಣಕ್ಕೆ ಒಯ್ದರೆ ಅಂಕೋಲೆ: ಚುಟುಕಗಳ ದಿನಕರ ದೇಸಾಯಿಯವರ ಊರು. ಅವರನ್ನು ನೆನೆಯಲು ಅಲ್ಲಿಯೂ ಮನೆಗಿಂತ ಹೆಚ್ಚಿನದು ಇದೆ. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಇಂದಿಗೂ ಗಂಟೆ ಬಾರಿಸುತ್ತದೆ. ಉತ್ತರಕ್ಕೆ ತಂದರೆ ಗೋವೆಯಲ್ಲೇ ಬಾಕಿಬಾಬ್ ಬೋರಕರರ ಬೋರಿ ಗ್ರಾಮವಿದೆ. ಮರಾಠಿ, ಕೊಂಕಣಿಗಳೆರಡರಲ್ಲೂ ಬರೆದ ಆ ಕವಿ ಓದಿಗಾಗಿ ಧಾರವಾಡಕ್ಕೂ ಬಂದಿದ್ದವರು. ರವೀಂದ್ರರ ಮೇಲೆ ಮರಾಠಿಯಲ್ಲಿ ಗ್ರಂಥ ಬರೆದವರು. ಬೋರಿಯಿಂದ ಕಾರವಾರಕ್ಕೆ, ಕಾರವಾರದಿಂದ ಅಂಕೋಲೆಗೆ – ಒಂದೇ ಕಡಲು, ನಾಲ್ಕು ಭಾಷೆ. ಇಂಥ ದಾರಿಯನ್ನು ಎರಡು ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳು ಕೂಡಿ ರೂಪಿಸಬೇಕಾದುದು ನ್ಯಾಯ. ಅವು ಕೂಡುವವರೆಗೆ ಕಾಯಬೇಕಾದ ಅಗತ್ಯ ನಮ್ಮ ಸಂಘಗಳಿಗಿಲ್ಲ.

ಗೋವೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು ಆಡುವವರು. ಕನ್ನಡ ನಾಡೆಂದರೆ ಅವರಿಗೆ ರಜೆಯಲ್ಲಿ ಹೋಗಿಬರುವ ಅಜ್ಜಿಯ ಊರು. ಅವರನ್ನು ವರ್ಷಕ್ಕೊಮ್ಮೆ ಈ ದಾರಿಯಲ್ಲಿ ನಡೆಸುವುದು ಸಂಘಕ್ಕೆ ಭಾರವಾಗದ ಕೆಲಸ. ಮಳೆಗಾಲದಲ್ಲಿ ಕಾಳಿ ಕೆಂಪಾಗಿ ತುಂಬಿ ಹರಿಯುತ್ತದೆ, ಕಡಲೂ ಕೆರಳಿರುತ್ತದೆ, ಆಗ ಬೇಡ. ಕಾರ್ತಿಕದ ಹುಣ್ಣಿಮೆ ತಕ್ಕ ಕಾಲ. ಮಧ್ಯಾಹ್ನ ಮಡಗಾಂವಿನಿಂದ ಹೊರಟರೆ ಸಂಜೆಯೊಳಗೆ ಹೊಳೆಯ ದಂಡೆಯಲ್ಲಿರಬಹುದು. ಇಳಿತದ ಹೊತ್ತನ್ನು ಅಲ್ಲಿಯ ಮೀನುಗಾರರನ್ನು ಕೇಳಿ ಮೊದಲೇ ತಿಳಿದುಕೊಳ್ಳಬೇಕು. ಆಗ ನೀರು ಹಿಂದೆ ಸರಿದು ನಡೆಯಲು ಗಟ್ಟಿಯಾದ ಹಸಿ ಮರಳು ಸಿಗುತ್ತದೆ. ಅಳಿವೆಯ ಬಳಿ ಇಳಿದು, ಒಬ್ಬರು 'ಜೀವನಸ್ಮೃತಿ'ಯ ಆ ಅಧ್ಯಾಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಅದಕ್ಕೆ ಬಹಳ ಹೊತ್ತು ಬೇಡ. ಆಮೇಲೆ ಬಂದರಿನ ಕಡೆಗೆ ಮೆಲ್ಲಗೆ ನಡೆಯುವುದು. ಊಟದ ಚಿಂತೆ ಬೇಡ. ಬುತ್ತಿ ಕಟ್ಟಿಕೊಂಡು ಹೋದರಾಯಿತು. ಅವರೂ ಹಾಗೆಯೇ ಹೋಗಿದ್ದರು.